ನ್ಯಾಯಾಧೀಶರಿಗೂ ಒಂದು ಮತಪತ್ರ

ನಮ್ಮ ಮೇಷ್ಟರಿಕೆಯ ಜೊತೆಗೆ ಅಂಟಿಕೊಂಡು ಬರುವ ಕೆಲಸಗಳಲ್ಲಿ ಚುನಾವಣಾ ಡ್ಯೂಟಿಯೂ ಒಂದು. ಮತಗಟ್ಟೆಯಲ್ಲಿ ಕೂತು ಎಷ್ಟೋ ಹೆಂಗಸರ ಬೆರಳಿಗೆ ಶಾಯಿ ಹಚ್ಚಿದ್ದೇನೆ. ಆದರೆ ಜನ ನ್ಯಾಯಾಧೀಶರಿಗೂ ವೋಟು ಹಾಕುವ ಊರುಗಳಿವೆ ಎಂದರೆ ನನ್ನ ತರಗತಿಯ ಹುಡುಗಿಯರು ನಂಬುವುದಿಲ್ಲ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರನ್ನು ಹೈಕೋರ್ಟಿನೊಡನೆ ಸಮಾಲೋಚಿಸಿ ರಾಜ್ಯಪಾಲರು ನೇಮಿಸುತ್ತಾರೆ. ಅಮೆರಿಕದ ಅನೇಕ ರಾಜ್ಯಗಳ ದಾರಿ ಬೇರೆ.

ಅಲ್ಲಿ ನ್ಯಾಯಾಧೀಶರು ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುವ ಕಾಲವಿತ್ತು. ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಟಾಮ್ ಪೆಂಡರ್‌ಗಾಸ್ಟ್ ಎಂಬ ಪುಢಾರಿಯ ಹಿಡಿತಕ್ಕೆ ಆಡಳಿತವೇ ಸಿಕ್ಕಿತ್ತು. ಇಂಥದಕ್ಕೆ ಬೇಸತ್ತ ಅಲ್ಲಿನ ಜನ 1940ರಲ್ಲಿ ಹೊಸ ಪದ್ಧತಿಯೊಂದಕ್ಕೆ ಒಪ್ಪಿಗೆ ಕೊಟ್ಟರು. ಸಮಿತಿಯೊಂದು ಯೋಗ್ಯರ ಪಟ್ಟಿ ಮಾಡಬೇಕು. ಅದರಿಂದ ಗವರ್ನರ್ ಒಬ್ಬರನ್ನು ನೇಮಿಸಬೇಕು. ಕೆಲಕಾಲದ ನಂತರ ಮತಪತ್ರದಲ್ಲಿ ಜನರಿಗೆ ಒಂದೇ ಪ್ರಶ್ನೆ: ಇವರು ಮುಂದುವರಿಯಬೇಕೇ? ಎದುರಾಳಿಯಿಲ್ಲ, ಪಕ್ಷವಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ.

1959ರಲ್ಲಿ ರಾಜ್ಯವಾದ ಅಲಾಸ್ಕವೂ ಇದೇ ಹಾದಿ ಹಿಡಿಯಿತು. ಅಲ್ಲಿನ ಸುಪೀರಿಯರ್ ಕೋರ್ಟ್ ಎಂದರೆ ದೊಡ್ಡ ಮೊಕದ್ದಮೆಗಳ ವಿಚಾರಣೆ ನಡೆಯುವ ಕೋರ್ಟು. ಆಂಕರೇಜ್ ನಗರದ ಈ ಕೋರ್ಟಿಗೆ 2014ರಲ್ಲಿ ಮೈಕೇಲ್ ಕೋರಿ ನೇಮಕವಾದರು. 2018ರ ನವೆಂಬರ್ 6ರಂದು ಅವರ ಹೆಸರು ಜನರ ಮುಂದೆ ಬರಬೇಕಿತ್ತು. ವಕೀಲರನ್ನೂ ಪೊಲೀಸರನ್ನೂ ಜ್ಯೂರಿಯವರನ್ನೂ ಕೇಳಿ ನ್ಯಾಯಾಧೀಶರ ಕೆಲಸವನ್ನು ತೂಗುವ ಮಂಡಳಿಯೊಂದು ಅಲ್ಲಿದೆ. ಅದು ಕೋರಿಯವರು ಮುಂದುವರಿಯಲಿ ಎಂದೇ ಹೇಳಿತ್ತು.

ಅಷ್ಟರಲ್ಲಿ, ಆ ಸೆಪ್ಟೆಂಬರಿನಲ್ಲಿ, ಒಂದು ತೀರ್ಪು ಬಂತು. ಹಿಂದಿನ ವರ್ಷ ಒಬ್ಬಾತ ಹೆಣ್ಣುಮಗಳೊಬ್ಬಳನ್ನು ಕಾರಿನಲ್ಲಿ ಬಿಡುತ್ತೇನೆಂದು ಕರೆದೊಯ್ದು, ಪ್ರಜ್ಞೆ ತಪ್ಪುವವರೆಗೆ ಕುತ್ತಿಗೆ ಹಿಸುಕಿ, ಅವಳ ಮೈಮೇಲೆ ಅಸಹ್ಯ ಕೃತ್ಯ ನಡೆಸಿದ್ದ. ಸರ್ಕಾರಿ ವಕೀಲರು ಅವನೊಡನೆ ಒಪ್ಪಂದ ಮಾಡಿಕೊಂಡರು: ಹಲ್ಲೆಯ ತಪ್ಪೊಪ್ಪಿಗೆ, ಎರಡು ವರ್ಷದ ಶಿಕ್ಷೆ, ಅದರಲ್ಲಿ ಒಂದು ವರ್ಷ ಅಮಾನತು. ಉಳಿದ ವರ್ಷಕ್ಕೆ ಅವನು ಮನೆಯಲ್ಲಿ ನಿಗಾದಲ್ಲಿ ಕಳೆದ ದಿನಗಳೇ ಸಂದುಹೋದವು. ನ್ಯಾಯಾಧೀಶರು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಆತ ಮನೆಗೆ ಹೋದ. ಇದೊಂದು ಸಲ ಬಿಟ್ಟಂತಾಯಿತು ಎಂಬರ್ಥದ ಮಾತನ್ನು ಕೋರ್ಟಿನಲ್ಲಿ ಆಡಿದವರು ಸರ್ಕಾರಿ ವಕೀಲರೇ.

ಹೆಂಗಸರು ಸುಮ್ಮನಿರಲಿಲ್ಲ. ವಾರಗಳೊಳಗೆ ಪ್ರಚಾರ ಕಟ್ಟಿ, 'ಇಲ್ಲ' ಎನ್ನಿ ಎಂದು ಜನರನ್ನು ಕೇಳಿಕೊಂಡರು. ಕೋರಿ ಸೋತರು.

ಇದನ್ನು ಮೊದಲು ಓದಿದಾಗ, ಒಳ್ಳೆಯದಾಯಿತು ಎಂದುಕೊಂಡೆ. ಆಮೇಲೆ ಮನಸ್ಸು ತಡೆಯಿತು. ಅಂಥ ಕೃತ್ಯವನ್ನು ಲೈಂಗಿಕ ಅಪರಾಧವೆಂದು ಕರೆಯದೆ ಬಿಟ್ಟಿದ್ದುದು ಅಲ್ಲಿನ ಕಾನೂನು. ಒಪ್ಪಂದ ಸರ್ಕಾರಿ ವಕೀಲರದು. ಅಲ್ಲಿ ಅವರು ಚುನಾಯಿತರಲ್ಲ. ಜನರ ಕೈಗೆ ಸಿಕ್ಕಿದ್ದು ನ್ಯಾಯಾಧೀಶರ ಹೆಸರೊಂದೇ. ಹಾಗೆಂದು ಅವರು ಪೂರ್ತಿ ನಿರ್ದೋಷಿ ಎನ್ನಲೂ ನನಗೆ ಬಾಯಿ ಬರುವುದಿಲ್ಲ. ಒಪ್ಪಂದವನ್ನು ತಿರಸ್ಕರಿಸುವ ಅಧಿಕಾರ ಅವರಿಗಿತ್ತು. ಆದರೆ ಮುಂದಿನ ಚುನಾವಣೆಗೆ ಹೆದರಿ ತೀರ್ಪು ಬರೆಯುವ ನ್ಯಾಯಾಧೀಶ, ನಾಳೆ ಊರೆಲ್ಲ ಒಬ್ಬ ಒಂಟಿ ಹೆಣ್ಣಿನ ವಿರುದ್ಧ ನಿಂತಾಗ ಅವಳ ಕಡೆ ನಿಂತಾನೆಯೇ?

ಅಲ್ಲಿನವರ ಹೋರಾಟ ಮತಪತ್ರದಲ್ಲೇ ಮುಗಿಯಲಿಲ್ಲ ಎಂಬುದೇ ನನಗೆ ಸಮಾಧಾನ. 2019ರಲ್ಲಿ ಅಲಾಸ್ಕ ತನ್ನ ಕಾನೂನನ್ನೇ ತಿದ್ದಿತು. ಅಂಥ ಕೃತ್ಯ ಲೈಂಗಿಕ ಅಪರಾಧವಾಯಿತು, ಪ್ರಜ್ಞೆ ತಪ್ಪುವಂತೆ ಕುತ್ತಿಗೆ ಹಿಸುಕುವುದಕ್ಕೆ ಶಿಕ್ಷೆ ಹೆಚ್ಚಿತು. 'ಇಲ್ಲ' ಎಂಬ ವೋಟಿನಿಂದ ಒಬ್ಬರು ಕುರ್ಚಿ ಬಿಟ್ಟರು. ಮುಂದೆ ಆ ಕುರ್ಚಿಯಲ್ಲಿ ಯಾರೇ ಕೂತರೂ ತೆರೆಯಬೇಕಾದ ಕಾನೂನಿನ ಪುಸ್ತಕ ಮಾತ್ರ ಬದಲಾಗಿದೆ. ನನ್ನ ಹುಡುಗಿಯರಿಗೆ ಹೇಳುವಾಗ ನಾನು ಮೊದಲು ಹೇಳುವುದು ಆ ಎರಡನೆಯದನ್ನು.