ಒಂಬತ್ತಕ್ಕೆ ಒಂಬತ್ತು

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಎಂದರೆ ಕ್ರೀಡೆ ಬಲ್ಲವರಿಗೆ ಮೊದಲು ನೆನಪಾಗುವುದು ಬಾಸ್ಕೆಟ್‌ಬಾಲ್. ಬಿಲ್ ರಸೆಲ್ ಕಾಲದಲ್ಲಿ, 1955 ಮತ್ತು 1956ರಲ್ಲಿ, ಅದು ಸಾಲಾಗಿ ಎರಡು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನಾವು ಫುಟ್‌ಬಾಲ್ ಎನ್ನುವ, ಅವರು ಸಾಕರ್ ಎನ್ನುವ ಆಟದಲ್ಲೂ 1966, 1975, 1976, 1980ರ ಪ್ರಶಸ್ತಿಗಳು ಅಲ್ಲಿವೆ. ಆದರೆ ಆ ಕಾಲೇಜಿನ ಹಳಬರು ತಮ್ಮದೆಂದು ಎದೆಯುಬ್ಬಿಸಿ ಹೇಳಿಕೊಳ್ಳುವ ತಂಡ ಒಂದು ಕಪ್ಪನ್ನೂ ತಂದುಕೊಟ್ಟದ್ದಲ್ಲ. 1951ರ ‘ಡಾನ್ಸ್’ ಒಂಬತ್ತು ಪಂದ್ಯ ಆಡಿದರು, ಒಂಬತ್ತನ್ನೂ ಗೆದ್ದರು, ಮನೆಗೆ ಹೋದರು. ಮರುವರ್ಷ ಕಾಲೇಜಿನಲ್ಲಿ ಆ ತಂಡವೇ ಇರಲಿಲ್ಲ.

ಇದು ಅಮೆರಿಕದ ಫುಟ್‌ಬಾಲ್. ಹೆಸರಿನಲ್ಲಷ್ಟೇ ಕಾಲು, ಆಟವೆಲ್ಲ ಕೈಯಲ್ಲಿ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆ ದಾಟಬೇಕು, ಅವರು ಹಿಡಿದು ಕೆಡವಬೇಕು. ಕಬಡ್ಡಿ ನೋಡಿ ಬೆಳೆದ ನಮಗೆ ಆ ಹಿಡಿತ, ಆ ಜಾರಿಕೆ ಹೊಸದೇನಲ್ಲ. ಹೊಸದೆನಿಸುವುದು ಚಾಂಪಿಯನ್ನರನ್ನು ಆರಿಸುತ್ತಿದ್ದ ರೀತಿ. ಅಂದು ಕಾಲೇಜು ತಂಡಗಳಿಗೆ ಫೈನಲ್ ಎಂಬುದೇ ಇರಲಿಲ್ಲ. ಪತ್ರಕರ್ತರು ಮತ ಹಾಕಿ ಮೊದಲನೆಯವರು ಯಾರೆಂದು ಹೇಳುತ್ತಿದ್ದರು. ಹೊಸ ವರ್ಷದ ಹೊತ್ತಿಗೆ ಬಿಸಿಲಿನ ಊರುಗಳಲ್ಲಿ ‘ಬೌಲ್’ ಎಂಬ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಮದುವೆ ಮನೆಯ ಊಟದ ಹಾಗೆ, ಕರೆದವರಿಗಷ್ಟೇ ಎಲೆ. ಆ ವರ್ಷ ಪತ್ರಕರ್ತರು ಮೊದಲ ಸ್ಥಾನಕ್ಕೇರಿಸಿದ್ದು ಟೆನೆಸ್ಸಿಯನ್ನು. ಮತದಾನ ಮುಗಿದ ಮೇಲೆ ನಡೆದ ಶುಗರ್ ಬೌಲ್‌ನಲ್ಲಿ ಅದು ಮೇರಿಲ್ಯಾಂಡ್‌ಗೆ 28-13ರಿಂದ ಸೋತಿತು. ಪಟ್ಟ ಮಾತ್ರ ಕದಲಲಿಲ್ಲ.

ಗೋಲ್ಡನ್ ಗೇಟ್ ಪಾರ್ಕಿನ ಪಕ್ಕದ ಗುಡ್ಡದ ಮೇಲಿರುವ ಈ ಕಾಲೇಜನ್ನು ಜೆಸ್ಯೂಟ್ ಪಾದ್ರಿಗಳು ತೆರೆದದ್ದು 1855ರಲ್ಲಿ. 1948ರಲ್ಲಿ ಫುಟ್‌ಬಾಲ್ ಕೋಚ್ ಆಗಿ ಬಂದ ಜೋ ಕುಹಾರಿಚ್ ದಯೆ ದಾಕ್ಷಿಣ್ಯದ ಮನುಷ್ಯನಲ್ಲ. ಹುಡುಗರನ್ನು ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದು ಸುಡುಬಿಸಿಲಿನಲ್ಲಿ ಅರೆದು ಹದ ಮಾಡಿದ. ಹುಡುಗರಾದರೂ ಎಂಥವರು! ಜೀನೋ ಮಾರ್ಕೆಟ್ಟಿ ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿದು ಬಂದ ಇಟಲಿ ಮೂಲದವನು. ಬಾಬ್ ಸೇಂಟ್ ಕ್ಲೇರ್ ಆರಡಿ ಒಂಬತ್ತಂಗುಲದ ಆಳು, ಮಾಂಸವನ್ನು ಹಸಿಯಾಗಿಯೇ ತಿನ್ನುತ್ತಿದ್ದ. ಆಲೀ ಮ್ಯಾಟ್ಸನ್ ಟೆಕ್ಸಸ್‌ನಲ್ಲಿ ಹುಟ್ಟಿದವನು, ಬರ್ಲ್ ಟೋಲರ್ ಮೆಂಫಿಸ್‌ನವನು. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ ಜೊತೆಯಾಗಿ ಆಡಿ ಇಲ್ಲಿಗೆ ಬಂದವರು. ತಂಡದಲ್ಲಿ ಕಪ್ಪು ಜನಾಂಗದವರು ಇವರಿಬ್ಬರೇ. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಇಪ್ಪತ್ತೈದರ ಪೀಟ್ ರೋಜೆಲ್ ಪತ್ರಿಕಾ ಕಚೇರಿಗಳ ಬಾಗಿಲು ತಟ್ಟುತ್ತಿದ್ದ.

ಮ್ಯಾಟ್ಸನ್ ಓಡಿದರೆ ನೋಡಬೇಕಿತ್ತು ಎಂದು ಹೇಳುವವರಿದ್ದಾರೆ. ಆ ಋತುವಿನಲ್ಲಿ ಅವನು ಓಡಿ ಗಳಿಸಿದ್ದು 1,566 ಗಜ, ದೇಶಕ್ಕೇ ಮೊದಲು. ಗೆರೆ ದಾಟಿ ಗಳಿಸಿದ ಟಚ್‌ಡೌನ್ 21. ನ್ಯೂಯಾರ್ಕಿನಲ್ಲಿ ಫೋರ್ಡ್‌ಹ್ಯಾಮ್ ವಿರುದ್ಧ ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಎರಡು ಸಲ ಮೈದಾನದ ಈ ಕೊನೆಯಿಂದ ಆ ಕೊನೆಗೆ ಹೊತ್ತೊಯ್ದ. ಪಂದ್ಯ 32-26, ಆ ವರ್ಷ ಇವರಿಗೆ ಬೆವರಿಳಿದದ್ದು ಅಲ್ಲೊಂದೇ ಕಡೆ. ಉಳಿದವು ಹೆಚ್ಚೂಕಡಿಮೆ ಏಕಪಕ್ಷೀಯ. ಸೇನಾ ಶಿಬಿರಗಳ ತಂಡಗಳೂ ಎದುರಾಳಿಗಳ ಪಟ್ಟಿಯಲ್ಲಿದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ಪತ್ರಕರ್ತರ ಪಟ್ಟಿಯಲ್ಲಿ ಇವರಿಗೆ 14ನೇ ಸ್ಥಾನವಷ್ಟೇ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ. ಹಾಗೆಂದು ನವೆಂಬರಿನಲ್ಲಿ ಸ್ಟಾಕ್ಟನ್‌ಗೆ ಹೋಗಿ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡವನ್ನು 47-14ರಿಂದ ಮಣಿಸಿದ್ದು ಸಣ್ಣ ಮಾತಲ್ಲ.

ಅದಾದ ಮೇಲೆ ಬೌಲ್ ಪಂದ್ಯದ ಮಾತು ಬಂತು. ಜೊತೆಗೊಂದು ಷರತ್ತು: ಬನ್ನಿ, ಮ್ಯಾಟ್ಸನ್ ಮತ್ತು ಟೋಲರ್ ಬೇಡ. ಅದು ಮಯಾಮಿಯ ಆರೆಂಜ್ ಬೌಲ್ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅಂದಿನ ದಕ್ಷಿಣ ರಾಜ್ಯಗಳಲ್ಲಿ ಇದು ಯಾರೋ ಒಬ್ಬರ ದುಷ್ಟತನವಲ್ಲ, ದಿನನಿತ್ಯದ ರೂಢಿ. ಬಸ್ಸಿನ ಸೀಟಿಗೆ, ಕುಡಿಯುವ ನೀರಿಗೆ ಇದ್ದ ಗೆರೆಯೇ ಮೈದಾನಕ್ಕೂ. ಪಂಕ್ತಿಭೇದ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂಡ ಒಲ್ಲೆ ಎಂದಿತು. ಮುಂದೆ ಅರ್ಧ ಶತಮಾನ, ಯಾಕೆ ಒಲ್ಲೆ ಎಂದಿರಿ ಎಂದು ಕೇಳಿದವರಿಗೆಲ್ಲ ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಕೊಟ್ಟ ಉತ್ತರ ಒಂದೇ: ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ನನಗೆ ಹಿಡಿಸುವುದು ಆ ಉತ್ತರದಲ್ಲಿರುವ ಸಲೀಸುತನ. ತ್ಯಾಗ ಎಂಬ ದೊಡ್ಡ ಪದವನ್ನು ಅದಕ್ಕೆ ಅಂಟಿಸಿದವರು ಆಮೇಲೆ ಬಂದವರು.

ಕೊನೆಯ ಪಂದ್ಯದಲ್ಲಿ ಲೊಯೋಲಾವನ್ನು 20-2ರಿಂದ ಸೋಲಿಸಿದರು. ಆಡಿದ್ದು ರೋಸ್ ಬೌಲ್ ಕ್ರೀಡಾಂಗಣದಲ್ಲಿ, ಆದರೆ ಅದು ರೋಸ್ ಬೌಲ್ ಪಂದ್ಯವಲ್ಲ. ಇತ್ತ ಸ್ಟಾಕ್ಟನ್‌ನಲ್ಲಿ ಇವರ ಕೈಯಲ್ಲಿ ಪೆಟ್ಟು ತಿಂದ ಪೆಸಿಫಿಕ್ ತಂಡಕ್ಕೆ ಸನ್ ಬೌಲ್‌ನಿಂದ ಕರೆ ಬಂತು.

ಬೌಲ್ ತಪ್ಪಿದ್ದಕ್ಕೇ ಫುಟ್‌ಬಾಲ್ ನಿಂತಿತೆಂಬ ಕಥೆ ಕೇಳಲು ಚೆಂದ, ಲೆಕ್ಕದ ಪುಸ್ತಕ ಅಷ್ಟು ಸರಳವಲ್ಲ. ಹತ್ತಾರು ಸಾವಿರ ಆಸನಗಳ ಕೀಝರ್ ಕ್ರೀಡಾಂಗಣ ಎಷ್ಟೋ ಪಂದ್ಯಗಳಲ್ಲಿ ಖಾಲಿ ಹೊಡೆಯುತ್ತಿತ್ತು. ವೃತ್ತಿಪರ ಫಾರ್ಟಿನೈನರ್ಸ್ ತಂಡ ಅದೇ ಮೈದಾನದಲ್ಲಿ ಆಡುತ್ತಿತ್ತು, ಮನೆಗಳಿಗೆ ಟಿವಿ ಬಂದಿತ್ತು. ಆ ಸುತ್ತಿನ ವರ್ಷಗಳಲ್ಲೇ ಸೇಂಟ್ ಮೇರೀಸ್, ಲೊಯೋಲಾ, ಸಾಂಟಾ ಕ್ಲಾರಾ ಕಾಲೇಜುಗಳೂ ಈ ಆಟವನ್ನು ಕೈಬಿಟ್ಟವು. ಬೌಲ್‌ನ ಹಣ ಬಂದಿದ್ದರೆ ಉಸಿರು ಇನ್ನಷ್ಟು ದಿನ ಎಳೆಯುತ್ತಿತ್ತೇನೋ. 1951 ಮುಗಿಯುತ್ತಿದ್ದಂತೆ ಕಾಲೇಜು ತಂಡಕ್ಕೆ ತೆರೆ ಎಳೆಯಿತು. ಓದು ಬಾಕಿಯಿದ್ದ ಸೇಂಟ್ ಕ್ಲೇರ್ ಟಲ್ಸಾಗೆ ಹೋದ.

ಉಳಿದದ್ದೆಲ್ಲ ವೃತ್ತಿಪರ ಆಟದ ಚರಿತ್ರೆಯಲ್ಲಿದೆ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 400 ಮೀಟರ್‌ನಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು ಬಂದ. 1959ರಲ್ಲಿ ಅವನೊಬ್ಬನಿಗಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಒಂಬತ್ತು ಆಟಗಾರರ ಬೆಲೆ ತೆತ್ತಿತು. ಮ್ಯಾಟ್ಸನ್, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ನಾಲ್ಕನೆಯವನಾಗಿ ರೋಜೆಲ್ ಕೂಡ, 1960ರಿಂದ 1989ರವರೆಗೆ ಇಡೀ ಲೀಗಿನ ಕಮಿಷನರ್ ಆಗಿದ್ದುದಕ್ಕೆ.

ಟೋಲರ್‌ನ ದಾರಿ ಬೇರೆಯಾಯಿತು. 1952ರಲ್ಲಿ ಷಿಕಾಗೋದ ಪ್ರದರ್ಶನ ಪಂದ್ಯವೊಂದರಲ್ಲಿ ಮೊಣಕಾಲು ಮುರಿದು ಅವನ ಆಟ ಅಲ್ಲಿಗೇ ನಿಂತಿತು. ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿ ಮೇಷ್ಟ್ರಾದ, ಮುಖ್ಯೋಪಾಧ್ಯಾಯನಾದ. 1965ರಲ್ಲಿ ಸೀಟಿ ಹಿಡಿದು ಮತ್ತೆ ಮೈದಾನಕ್ಕಿಳಿದ: ಅಮೆರಿಕದ ದೊಡ್ಡ ವೃತ್ತಿಪರ ಕ್ರೀಡೆಗಳ ಮೊದಲ ಕಪ್ಪು ತೀರ್ಪುಗಾರ. 1980ರ ಸೂಪರ್ ಬೌಲ್‌ನಲ್ಲೂ ತೀರ್ಪುಗಾರರ ಸಾಲಿನಲ್ಲಿ ನಿಂತ. ಬೌಲ್ ಎಂಬ ಹೆಸರಿನ ಪಂದ್ಯಕ್ಕೆ ಅವನು ಕಾಲಿಟ್ಟದ್ದು ಹಾಗೆ.

ಕಾಲೇಜು 2006ರಲ್ಲಿ ಆ ತಂಡದವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ ತೀರಿಕೊಂಡರು. ಕ್ಯಾಂಪಸ್ಸಿನಲ್ಲಿ ಹೊಸ ವಿದ್ಯಾರ್ಥಿಗಳ ವಸತಿಗೃಹವೊಂದಿದೆ. ಅದಕ್ಕೆ ಬಹುಕಾಲ ಊರಿನ ಹಿಂದಿನ ಮೇಯರ್, ಸೆನೆಟರ್ ಜೇಮ್ಸ್ ಫೇಲನ್‌ನ ಹೆಸರಿತ್ತು. ಕ್ಯಾಲಿಫೋರ್ನಿಯಾ ಬಿಳಿಯರದಾಗಿಯೇ ಉಳಿಯಲಿ ಎಂದು ಏಷ್ಯಾದವರ ವಿರುದ್ಧ ಕೂಗೆಬ್ಬಿಸಿ 1920ರಲ್ಲಿ ಮತ ಕೇಳಿದ ಮನುಷ್ಯ ಅವನು. ವಿದ್ಯಾರ್ಥಿಗಳು ಆ ಹೆಸರು ಬೇಡವೆಂದು ಹಟ ಹಿಡಿದರು. 2017ರಿಂದ ಆ ಕಟ್ಟಡ ಟೋಲರ್ ಹಾಲ್.