ಸಿ.ಡಿ.: ‘ರಘು ದೀಕ್ಷಿತ್’ ಆಲ್ಬಂ
2008. ಪಾಲಿಕಾರ್ಬೊನೇಟ್ ಬಿಲ್ಲೆ, ಅಲ್ಯೂಮಿನಿಯಂ ಲೇಪ. ವ್ಯಾಸ 12 ಸೆಂ.ಮೀ.

ಬೆಂಗಳೂರಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ. ಗಿಟಾರು, ಡ್ರಮ್ಸ್ ಜೊತೆಗೆ ಪಿಟೀಲನ್ನೂ ಸೇರಿಸಿಕೊಂಡು ಜನಪದ ಧಾಟಿಯ ರಾಕ್ ನುಡಿಸುವ ತಂಡವಿದು.

ಹಾಡುಗಳ ಪಟ್ಟಿಯಲ್ಲಿ ‘ಗುಡುಗುಡಿಯಾ’ ಎಲ್ಲಿದೆ ನೋಡಿ. ಅದು ಶಿಶುನಾಳ ಶರೀಫರ ತತ್ವಪದ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಭಜನಾ ಮೇಳಗಳಲ್ಲಿ ಹಾರ್ಮೋನಿಯಂ, ತಬಲಾ, ತಾಳದೊಂದಿಗೆ ಶರೀಫರನ್ನು ಕೇಳಿ ಬೆಳೆದವರು ಇಲ್ಲಿ ಗಿಟಾರಿನೊಂದಿಗೆ ಕೇಳಲೇಬೇಕು.

ಆಲ್ಬಂ ಬಂದ ವರ್ಷವೇ ತಂಡದ ರಘು ದೀಕ್ಷಿತ್ ‘ಸೈಕೋ’ ಚಿತ್ರಕ್ಕೆ ಸಂಗೀತ ನೀಡಿದರು; 2010ರಲ್ಲಿ ಸುದೀಪ್ ನಿರ್ದೇಶನದ ‘ಜಸ್ಟ್ ಮಾತ್ ಮಾತಲ್ಲಿ’ಗೆ. ವೇದಿಕೆಯಲ್ಲಿ ಹಾಡನ್ನು ಮನಸ್ಸು ಬಂದಷ್ಟು ಬೆಳೆಸಬಹುದು, ಸಿನಿಮಾದಲ್ಲಿ ಅದು ದೃಶ್ಯದ ಅಳತೆಗೆ ಕೂರಬೇಕು. ‘ಸೈಕೋ’ದ ಮಹದೇಶ್ವರನ ಹಾಡು ಎರಡೂ ಕಡೆ ಗೆದ್ದಿತು: ತೆರೆಯಿಂದ ತಂಡದ ಕಛೇರಿಗಳಿಗೂ ಬಂತು.