ಊರಿಗೆ ಮರಳಿದ ವಿದ್ಯೆ

ನಾಟಕದ ಹುಚ್ಚು ಹಿಡಿದ ಹುಡುಗ ಮನೆಬಿಟ್ಟು ಓಡಿಹೋಗುವುದು ನಮ್ಮ ನಾಡಿನ ಹಳೆಯ ಕಥೆ. ಕಂಪೆನಿಯ ಬಿಡಾರ ಊರಿಂದೂರಿಗೆ ಸಾಗುತ್ತಿತ್ತು. ಆ ವಿದ್ಯೆ ಬೇಕೆಂಬವನು ಅದರ ಬೆನ್ನುಹತ್ತಿ ಹೋಗಬೇಕಾಗಿತ್ತು. ಶಾಲೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹಿರಿಯರ ಕಣ್ಣಿಗೆ ಅದು ಕೆಟ್ಟುಹೋಗುವ ದಾರಿ. ಹಾಗೆ ಓಡಿಹೋದವರೊಬ್ಬರು ಮರಳಿ ಬಂದು ಮಾಡಿದ ಉಪಕಾರವನ್ನು ವಾಚಕರು ಒಮ್ಮೆ ನೆನೆಯಬೇಕು.

ದಕ್ಷಿಣ ಕನ್ನಡದ ಮಂಚಿಯಲ್ಲಿ 1929ರಲ್ಲಿ ಜನಿಸಿದ ಬಿ. ವಿ. ಕಾರಂತರು ಬಾಲ್ಯದಲ್ಲಿಯೇ ಮನೆ ತೊರೆದು ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದರು. ಹುಡುಗನ ಗುಣವರಿತ ವೀರಣ್ಣನವರೇ ಮುಂದೆ ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಕಾರಂತರು 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಪದವೀಧರರಾದರು. ಆ ನಗರದ ಶಾಲಾಮಕ್ಕಳಿಗೆ ನಾಟಕ ಕಲಿಸಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಕನ್ನಡನಾಡಿಗೆ ಮರಳಿದರು. ತಮ್ಮ ಜಿಲ್ಲೆಯ ಬಾಳನ್ನೇ ಚಿತ್ರಿಸಿದ ಅವರ ‘ಚೋಮನ ದುಡಿ’ ಚಲನಚಿತ್ರಕ್ಕೆ 1975ರ ಸ್ವರ್ಣಕಮಲ ದೊರೆಯಿತು.

ಮಕ್ಕಳ ನಾಟಕವೆಂದರೆ ಆವರೆಗೆ ಮಾತು ಬಾಯಿಪಾಠ ಮಾಡಿಸಿ, ಬಣ್ಣ ಬಳಿದು ನಿಲ್ಲಿಸುವುದೆಂದೇ ಬಹುಮಂದಿಯ ಎಣಿಕೆ. ಕಾರಂತರ ಪದ್ಧತಿಯಲ್ಲಿ ಕೋಲು, ಕಲ್ಲು, ಡಬ್ಬಗಳೂ ವಾದ್ಯಗಳಾದವು, ಆಟವೇ ಪಾಠವಾಯಿತು. ಠಾಕೂರರ ಕಥೆಯನ್ನು ಆಧರಿಸಿದ ಅವರ ‘ಪಂಜರ ಶಾಲೆ’ಯಲ್ಲಿ ವಿದ್ಯೆ ಕಲಿಸುವ ಭರದಲ್ಲಿ ಗಿಳಿಯನ್ನೇ ಕೊಲ್ಲುವ ಪಂಡಿತರಿದ್ದಾರೆ. ನಾನೂ ಪಂಡಿತನೇ; ಅದನ್ನು ನೋಡಿದಾಗ ನಗಲಾರದೆ ಕುಳಿತಿದ್ದೆ.

ಆ ಬಳಿಕ ದಾರಿ ಹಲವಾಯಿತು. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ತೆರೆದರು. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣದ ಕಲಾವಿದರು ಬೇಸಿಗೆಯ ರಜೆಯಲ್ಲಿ ‘ಚಿನ್ನರ ಮೇಳ’ ನಡೆಸುತ್ತ ಬಂದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಂತೂ, ಮೈಸೂರಿನಲ್ಲಿ ಓದಿ ಅಡಕೆಯ ತೋಟಕ್ಕೇ ಹಿಂದಿರುಗಿದ ಕೆ. ವಿ. ಸುಬ್ಬಣ್ಣನವರು ನೀನಾಸಮ್ಮನ್ನು ಬೆಳೆಸಿದರು. ಅಲ್ಲಿಯ ಚಿತ್ರಸಮಾಜದಲ್ಲಿ ಹಳ್ಳಿಗರು ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಕಂಡರು. ಪುಣೆಯ ಪ್ರಾಧ್ಯಾಪಕ ಸತೀಶ್ ಬಹಾದೂರರು ಬಂದು ಚಿತ್ರವನ್ನು ನೋಡುವ ಬಗೆ ಕಲಿಸಿದರು. 1980ರಲ್ಲಿ ಅಲ್ಲಿಯೇ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಕಲಿತವರನೇಕರು ತಮ್ಮ ತಮ್ಮ ಊರುಗಳಿಗೆ ಹೋಗಿ ಶಿಬಿರ ಹೂಡಿದರು.

ಇದರ ಫಲವನ್ನು ನಾನು ತರಗತಿಯಲ್ಲಿಯೇ ಕಂಡೆ. ಹೆಸರು ಕರೆದರೂ ತಲೆ ಎತ್ತದ ಹುಡುಗನೊಬ್ಬ ಇಂಥ ಒಂದು ಶಿಬಿರದಲ್ಲಿ ಮರವಾಗಿ ನಿಂತಿದ್ದನಂತೆ. ಮಾತೇ ಇಲ್ಲದ ಪಾತ್ರ. ಜೂನ್ ತಿಂಗಳಲ್ಲಿ ಅವನೇ ಎದ್ದುನಿಂತು ಹಳಗನ್ನಡ ಪದ್ಯವನ್ನು ಓದಿದ. ಉಚ್ಚಾರಣೆಯಲ್ಲಿ ತಪ್ಪುಗಳಿದ್ದವು. ತಿದ್ದಲು ಮನಸ್ಸು ಬರಲಿಲ್ಲ.

ಆದರೆ ಶಿಬಿರಗಳು ಹೆಚ್ಚಾದದ್ದು ಪೇಟೆಗಳಲ್ಲಿ. ಅನೇಕ ಕಡೆ ಶುಲ್ಕ ತೆರಬಲ್ಲವರಿಗೆ ಮಾತ್ರ ಪ್ರವೇಶ. ಮಂಚಿಯಂಥ ಹಳ್ಳಿಯ ಹುಡುಗ ಇನ್ನೂ ಹೊರಗೇ ನಿಂತರೆ, ಓಡಿಹೋದವರು ಮರಳಿ ಬಂದೂ ಏನು ಫಲ? ನಿಮ್ಮ ತಾಲ್ಲೂಕಿನಲ್ಲಿಯೂ ರಂಗವಿದ್ಯೆ ಕಲಿತು ಬಂದ ತರುಣನೋ ತರುಣಿಯೋ ಇದ್ದಾರು. ಅವರನ್ನು ಕರೆಯಿರಿ. ಏಪ್ರಿಲ್ ತಿಂಗಳಲ್ಲಿ ಶಾಲೆಯ ಕೊಠಡಿಗಳು ಬರಿದೇ ಇರುತ್ತವೆ. ಬೀಗದ ಕೈ ನಮ್ಮಂಥ ಉಪಾಧ್ಯಾಯರ ಬಳಿಯೇ ಇದೆ.